ಫ್ರಿಜ್ ಮೇಲಿನ ಕವರ್ ತಗೊಂಡು ಬನ್ನಿ

ದಾವಣಗೆರೆಯಲ್ಲಿ ಮೆಡಿಕಲ್ ಶಾಪ್ ಇಟ್ಟು ಹದಿನೇಳು ವರ್ಷವಾಯ್ತು. ಹೊಟ್ಟೆಹುಣ್ಣಿನ ಕಿಟ್ ಕೊಡುವಾಗ ನಾನು ಮಾಡೋ ‘ನಾಟಕ’ ನೋಡಿ ಪಕ್ಕದ ಅಂಗಡಿಯವರು ನಗುತ್ತಿದ್ದರು. ಈಗ ನಗಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಕಿಟ್ ಅಂದರೆ ಹೊಟ್ಟೆಹುಣ್ಣು ಮಾಡೋ ಎಚ್. ಪೈಲೋರಿ ಅನ್ನೋ ಬ್ಯಾಕ್ಟೀರಿಯಾ ಕೊಲ್ಲೋ ಮಾತ್ರೆಗಳ ಸೆಟ್. ಕ್ಲಾರಿಥ್ರೊಮೈಸಿನ್, ಅಮಾಕ್ಸಿಸಿಲಿನ್ ಅನ್ನೋ ಎರಡು ಆಂಟಿಬಯೋಟಿಕ್, ಜೊತೆಗೊಂದು ಆಸಿಡ್ ತಗ್ಗಿಸೋ ಮಾತ್ರೆ. 14 ದಿನ.

ಶುರುವಾಗಿದ್ದು ನನ್ನ ತಪ್ಪಿನಿಂದಲೇ. ಒಬ್ಬ ಯಜಮಾನರಿಗೆ ಚೀಟಿ ನೋಡಿ ಕಿಟ್ ಕೊಟ್ಟೆ. “ಬೇರೆ ಮಾತ್ರೆ ಏನಾದ್ರೂ ನುಂಗ್ತೀರಾ?” ಅಂತ ಕೇಳಿದ್ದೆ. “ಏನಿಲ್ರೀ” ಅಂದಿದ್ದರು. ಮೂರನೇ ದಿನ ಬೆವತು, ಕಣ್ಣು ಕತ್ತಲೆ ಬಂದು ಬಿದ್ದರು. ಶುಗರ್ 50ರ ಆಸುಪಾಸಿಗೆ ಇಳಿದಿತ್ತಂತೆ. ದಿನಾ ಗ್ಲಿಮೆಪಿರೈಡ್ ಅನ್ನೋ ಶುಗರ್ ಮಾತ್ರೆ ನುಂಗುತ್ತಿದ್ದರು! ಕ್ಲಾರಿಥ್ರೊಮೈಸಿನ್ ಜೊತೆ ಅದು ಶುಗರನ್ನು ಜಾಸ್ತಿನೇ ಇಳಿಸಬಹುದು. ಮಗ ಬಂದು ಅಂಗಡಿ ಮುಂದೆ ಕೂಗಾಡಿದ. ಅಜ್ಜ ಮಾತ್ರ ಶಾಂತವಾಗಿ, “ಅದು ಶುಗರಿಂದು, ಮಾತ್ರೆ ಅಲ್ಲಲ್ಲ” ಅಂದರು.

ಆಗ ಗೊತ್ತಾಯ್ತು. ನಮ್ಮ ಜನಕ್ಕೆ ಬಿಪಿ, ಶುಗರ್, ಕೊಲೆಸ್ಟ್ರಾಲ್ ಮಾತ್ರೆ ಲೆಕ್ಕಕ್ಕೇ ಇಲ್ಲ. ಕಾಯಿಲೆ ಬಂದಾಗ ನುಂಗೋದಷ್ಟೇ ಮಾತ್ರೆ.

ಮೊದಲು ಕರಪತ್ರ ಹಾಕಿಸಿದೆ. ಸಾವಿರದ ಇನ್ನೂರೋ ಏನೋ ಹೋಯ್ತು. ಅದರಲ್ಲಿ ಮಂಡಕ್ಕಿ ಕಟ್ಟಿದ್ದನ್ನು ಕಣ್ಣಾರೆ ಕಂಡೆ. ವಾಟ್ಸಾಪಲ್ಲಿ ಕಳಿಸಿದರೆ ಗುಡ್ ಮಾರ್ನಿಂಗ್ ಬರುತ್ತಿತ್ತು. ಈಗ ಪ್ರಶ್ನೆ ಕೇಳೋದೇ ಬಿಟ್ಟಿದ್ದೇನೆ. “ಫ್ರಿಜ್ ಮೇಲೆ ಮಾತ್ರೆ ಕವರ್ ಇರುತ್ತಲ್ಲ, ಅದನ್ನ ತಗೊಂಡು ಬನ್ನಿ, ಆಮೇಲೆ ಕಿಟ್ ಕೊಡ್ತೀನಿ.” ಎರಡು ಗಿರಾಕಿ ಸಿಟ್ಟಾಗಿ ಬೇರೆ ಕಡೆ ಹೋದರು, ಹೋಗಲಿ. ಒಂದು ಕವರಲ್ಲಿ ಸಿಮ್ವಾಸ್ಟಾಟಿನ್ ಅನ್ನೋ ಕೊಲೆಸ್ಟ್ರಾಲ್ ಮಾತ್ರೆ ಸಿಕ್ಕಿತು. ಅದೂ ಕ್ಲಾರಿಥ್ರೊಮೈಸಿನ್ನೂ ಒಟ್ಟಿಗೆ ಸೇರಲೇಬಾರದು, ಸ್ನಾಯು ಹಾಳಾಗಬಹುದು. ಡಾಕ್ಟರಿಗೆ ಫೋನ್ ಮಾಡಿದೆ, ಕಿಟ್ ಮುಗಿಯೋವರೆಗೆ ಅದನ್ನು ನಿಲ್ಲಿಸಿ ಅಂದರು.

ಅಲರ್ಜಿ ಅಂತಲೂ ಕೇಳಲ್ಲ. “ಯಾವಾಗಾದ್ರೂ ಇಂಜೆಕ್ಷನ್ನಿಗೋ ಮಾತ್ರೆಗೋ ಮೈತುಂಬ ದದ್ದೆದ್ದು, ತುಟಿ ಊದಿತ್ತಾ?” ಅಂತೀನಿ. ಆಗ ಪೆನ್ಸಿಲಿನ್ ಕಥೆ ತಾನೇ ಹೊರಬರುತ್ತೆ; ಕಿಟ್ಟಿನ ಅಮಾಕ್ಸಿಸಿಲಿನ್ ಕೂಡ ಪೆನ್ಸಿಲಿನ್ ಜಾತಿಯದ್ದೇ. ಹೂಂ ಅಂದರೆ ಕಿಟ್ ಕೊಡಲ್ಲ, ಡಾಕ್ಟರ್ ಹತ್ತಿರವೇ ವಾಪಸ್.

ಇನ್ನು ಅರ್ಧಕ್ಕೆ ಬಿಡೋರು. ನಾಲ್ಕನೇ ದಿನ ಉರಿ ತಗ್ಗುತ್ತೆ, ಉಳಿದದ್ದನ್ನು ವಾಪಸ್ ತಗೊಳ್ಳಿ ಅಂತ ಬರ್ತಾರೆ. “ಮಿರ್ಚಿ ಬಿಟ್ಟೆ, ವಾಸಿಯಾಯ್ತು” ಅಂತಾರೆ. ಹುಣ್ಣಿಗೆ ಖಾರವಲ್ಲ, ಬ್ಯಾಕ್ಟೀರಿಯಾ ಕಾರಣ ಅಂತ ಅವರಿಗೆ ಆಸ್ಟ್ರೇಲಿಯಾದ ಡಾಕ್ಟರ್ ಬ್ಯಾರಿ ಮಾರ್ಷಲ್ ಕಥೆ ಹೇಳ್ತೀನಿ: 1984ರಲ್ಲಿ ಈ ಬ್ಯಾಕ್ಟೀರಿಯಾವನ್ನು ತಾವೇ ಕುಡಿದು ಹೊಟ್ಟೆ ಕೆಡಿಸಿಕೊಂಡರು, 2005ರಲ್ಲಿ ನೊಬೆಲ್ ಬಂತು. ಕಥೆ ಕೇಳಿ ಖುಷಿಪಟ್ಟು ಮತ್ತೆ ಮಾತ್ರೆ ಬಿಡ್ತಾರೆ. ಕೊನೆಗೆ ಕೆಲಸ ಮಾಡಿದ್ದು ದುಡ್ಡು. ಮೊದಲು ಏಳು ದಿನದ್ದು ಕೊಡ್ತೀನಿ. ಆರನೇ ದಿನ ಫೋನ್ ಮಾಡ್ತೀನಿ. ಖಾಲಿ ಸ್ಟ್ರಿಪ್ ತಂದರೆ ಉಳಿದ ಏಳು ದಿನದ್ದರಲ್ಲಿ 50 ರೂಪಾಯಿ ಕಡಿಮೆ. ಮೊದಲು ಅರ್ಧದಷ್ಟು ಜನವೂ ಮುಗಿಸುತ್ತಿರಲಿಲ್ಲ. ಹೋದ ವರ್ಷ ನಲವತ್ತರಲ್ಲಿ ಮೂವತ್ತನಾಲ್ಕೋ ಮೂವತ್ತೈದೋ ಜನ ಮುಗಿಸಿದ್ದಾರೆ. ನನ್ನ ಕೈಯಿಂದ ಎರಡು ಸಾವಿರದ ಹತ್ತಿರ ಹೋಗಿದೆ. ಆದರೆ ಅವರ ಮನೆಯ ಬಿಪಿ ಮಾತ್ರೆಯೆಲ್ಲ ಈಗ ನನ್ನ ಅಂಗಡಿಯದ್ದೇ, ಅಲ್ವಾ?

ಕಿಟ್ಟಿನ ಮಾತ್ರೆಯಿಂದ ಬಾಯಿ ಕಹಿ ಅನ್ನೋರಿಗೆ ಬೆಲ್ಲ, ಲವಂಗ, ಪೆಪ್ಪರ್‌ಮಿಂಟ್ ಎಲ್ಲ ಕೊಟ್ಟು ನೋಡಿದೆ. ಲವಂಗ ಪರವಾಗಿಲ್ಲ.

ಕೆಲವು ಕಿಟ್ಟಲ್ಲಿ ಬರೋ ಟಿನಿಡಜೋಲ್ ಅನ್ನೋ ಆಂಟಿಬಯೋಟಿಕ್ ಇದ್ದರೆ ಎಣ್ಣೆ ಬಂದ್, ಮುಗಿದ ಮೇಲೂ ಮೂರು ದಿನ. ಹೆಂಡತಿ ಪಕ್ಕದಲ್ಲಿರುವಾಗ “ಕುಡೀತೀರಾ?” ಅಂದರೆ ಯಾರೂ ಹೂಂ ಅನ್ನಲ್ಲ. ಅವರ ಬಾಯಿ ಬಿಡಿಸೋಕೆ ನನ್ನದೊಂದು ಉಪಾಯ ಇದೆ. ಅದನ್ನು ಇಲ್ಲಿ ಬರೆದರೆ ಗಿರಾಕಿಗಳೂ ಓದ್ತಾರೆ. ಅಂಗಡಿಗೆ ಬನ್ನಿ, ಚಹಾ ಕುಡೀತಾ ಹೇಳ್ತೀನಿ.