ಮಿಕ್ಸಿ ರಿಪೇರಿಗೆ ಹೋದಾಗ ಮಾಡಿದ ಬೆಳ್ಳುಳ್ಳಿ ಪಾಸ್ತಾ

ಕಸ್ಟಮರ್ ಕೇರ್‌ಗೆ ಫೋನ್ ಮಾಡುವ ಮುಂಚೆ ನಾನು ಬಿಲ್ಲಿನ ಫೋಟೋ, ಸಾಮಾನಿನ ತಳದಲ್ಲಿ ಅಂಟಿಸಿರುವ ಮಾಡೆಲ್ ನಂಬರ್ ಎರಡನ್ನೂ ಕೈಗೆ ಸಿಗುವಂತೆ ಇಟ್ಟುಕೊಳ್ಳುತ್ತೇನೆ. ಏನಾಯ್ತು ಅಂತ ಒಮ್ಮೆ ಮನಸ್ಸಿನಲ್ಲೇ ಹೇಳಿಕೊಳ್ಳುತ್ತೇನೆ. ಸುಮ್ನೆ ‘ಮಿಕ್ಸಿ ಕೆಟ್ಟೋಗಿದೆ’ ಅಂದರೆ ಆ ಕಡೆಯವರಿಗೆ ಏನು ತಿಳಿಯಬೇಕು? ‘ಉದ್ದಿನಬೇಳೆ ರುಬ್ಬುತ್ತಿದ್ದೆ, ಸದ್ದು ಭಾರವಾಯಿತು, ಆಮೇಲೆ ನಿಂತೇ ಹೋಯಿತು, ಸುಟ್ಟ ವಾಸನೆ ಬರಲಿಲ್ಲ’ ಅಂದರೆ ಅವರಿಗೂ ಯೋಚಿಸಲು ದಾರಿ ಸಿಗುತ್ತದೆ.

ಈ ಸಲ ಹಾಗೇ ಹೇಳಿದೆ. ವಾರಂಟಿ ಮುಗಿದಿತ್ತು. ಟೆಕ್ನಿಷಿಯನ್ ಕಳಿಸುತ್ತಾರೆ, ಬಂದು ನೋಡಿದ್ದಕ್ಕೇ ಒಂದು ಚಾರ್ಜ್ ಕೊಡಬೇಕು ಅಂದುಕೊಂಡಿದ್ದೆ. ಫೋನ್ ಎತ್ತಿದ ಹುಡುಗಿ ಪೂರ್ತಿ ಕೇಳಿಸಿಕೊಂಡು, ‘ಮೇಡಂ, ಮೊದಲು ಪ್ಲಗ್ ತೆಗೀರಿ. ಮಿಕ್ಸಿ ಮಗುಚಿ ನೋಡಿ, ಕೆಳಗೆ ಕೆಂಪು ಬಟನ್ ಇದೆಯಾ?’ ಅಂದಳು. ಇತ್ತು. ಹೊರಗೆ ಎಗರಿಕೊಂಡಿತ್ತು. ಲೋಡ್ ಜಾಸ್ತಿಯಾದರೆ ಮೋಟರ್ ಸುಡದ ಹಾಗೆ ಕರೆಂಟ್ ತಪ್ಪಿಸುವ ಸ್ವಿಚ್ ಅದು. ಸ್ವಲ್ಪ ಹೊತ್ತು ಆರಲು ಬಿಟ್ಟು ಒತ್ತಿ ಅಂದಳು. ಒತ್ತಿದೆ, ಮಿಕ್ಸಿ ತಿರುಗಿತು.

ಅವಳು ಅಲ್ಲಿಗೇ ಫೋನ್ ಇಡಬಹುದಿತ್ತು. ಆದರೆ ಲೋಡ್ ಯಾಕೆ ಜಾಸ್ತಿಯಾಯಿತು ಅಂತ ಕೇಳಿದಳು. ಜಾರ್ ಎಷ್ಟು ತುಂಬಿಸುತ್ತೀರಿ, ಕರಕರ ಸದ್ದು ಬರುತ್ತಾ, ಜಾರ್ ತಳದಲ್ಲಿ ನೀರು ಸೋರುತ್ತಾ? ಸೋರುತ್ತಿತ್ತು. ‘ಹಾಗಾದರೆ ಜಾರ್ ತಳದಲ್ಲಿ ಬ್ಲೇಡಿನ ಕಡ್ಡಿಯನ್ನು ಹಿಡಿದಿರುವ ಬುಷ್ ಸವೆದಿರಬಹುದು ಮೇಡಂ. ಹೊಸ ಜಾರ್ ತಗೋಬೇಡಿ, ಹತ್ತಿರದ ರಿಪೇರಿಯವರಿಗೆ ತೋರಿಸಿ.’ ಕಂಪನಿಯ ಫೋನಿನಲ್ಲಿ ಕೂತು, ಹೊಸದು ಕೊಳ್ಳಬೇಡಿ ಅಂತ ಹೇಳುವವರು ಎಷ್ಟು ಜನ ಸಿಗುತ್ತಾರೆ! ಕರೆ ಮುಗಿದ ಮೇಲೆ ಅಭಿಪ್ರಾಯ ಕೇಳಿ ಮೆಸೇಜ್ ಬಂತು. ಆ ಬಟನ್ ವಿಷಯವನ್ನೂ ಸೇರಿಸಿ ಪೂರ್ತಿ ಬರೆದೆ. ದೂರು ಬರೆಯುವಾಗ ಇರುವಷ್ಟೇ ಶ್ರದ್ಧೆ ಇದಕ್ಕೂ ಬೇಕು, ಅಲ್ವಾ?

ಶಿವರಾಮಪೇಟೆಯಲ್ಲಿ ಒಂದು ಸಣ್ಣ ರಿಪೇರಿ ಅಂಗಡಿಗೆ ಮಿಕ್ಸಿ, ಜಾರ್ ಎರಡನ್ನೂ ತೆಗೆದುಕೊಂಡು ಹೋದೆ. ಅಲ್ಲಿನ ಹಿರಿಯರು ಬ್ಲೇಡನ್ನು ಕೈಯಲ್ಲೇ ಅಲ್ಲಾಡಿಸಿ, ‘ಬುಷ್ ಹೋಗಿದೆಯಮ್ಮ, ಮಿಕ್ಸಿ ಮೇಲೆ ಜಾರಿನ ಬ್ಲೇಡನ್ನು ತಿರುಗಿಸುವ ಕಪ್ಲರ್ ಹಲ್ಲೂ ಸವೆದಿದೆ. ಬಿಟ್ಟು ಹೋಗಿ’ ಅಂದರು. ವಾಪಸ್ ತರಲು ಹೋದಾಗ ಜಾರ್ ಮುಚ್ಚಳಕ್ಕೆ ಹೊಸ ವಾಷರ್ ಕೂತಿತ್ತು, ಮಿಕ್ಸಿಯ ಗಾಳಿ ಕಿಂಡಿಯ ಹಿಟ್ಟೆಲ್ಲ ಹೋಗಿ ಶುಚಿಯಾಗಿತ್ತು. ದುಡ್ಡು ತೆಗೆದುಕೊಂಡಿದ್ದು ಬುಷ್ಷು, ಕಪ್ಲರ್ ಎರಡಕ್ಕೆ ಮಾತ್ರ. ‘ವಾಷರ್‌ಗೆ?’ ಅಂದೆ. ‘ಅದಕ್ಕೇನಮ್ಮ, ಬಿಡಿ’ ಅಂದರು. ಬದಲಾಯಿಸಿದ ಹಳೇ ಬುಷ್ಷನ್ನು ಕಾಗದದಲ್ಲಿ ಸುತ್ತಿ ಕೈಗೆ ಕೊಟ್ಟರು. ತೆಗೆದ ಭಾಗವನ್ನು ಕೇಳದೆಯೇ ಕೊಡುವವರನ್ನು ನಾನು ಕಣ್ಣು ಮುಚ್ಚಿ ನಂಬುತ್ತೇನೆ. ನೀವೂ ರಿಪೇರಿಗೆ ಕೊಟ್ಟಾಗ ಹಳೇ ಪಾರ್ಟ್ ಕೇಳಿ ನೋಡಿ.

ಮಿಕ್ಸಿ ಅಂಗಡಿಯಲ್ಲಿದ್ದಾಗ ಚಟ್ನಿ ಇಲ್ಲ, ಸಾಗುವಿಗೆ ಮಸಾಲೆ ಇಲ್ಲ. ರಾತ್ರಿಗೆ ಟೊಮೆಟೊ ಸೂಪು, ಹುರಿದ ಪನೀರು ಇಟ್ಟುಕೊಂಡೆ. ಜೊತೆಗೆ ಈ ಪಾಸ್ತಾ. ಬೆಳ್ಳುಳ್ಳಿ, ಎಣ್ಣೆ, ಮೆಣಸಿನಕಾಯಿ, ಅಷ್ಟೇ. ಇಟಲಿಯ ನೇಪಲ್ಸ್ ಕಡೆಯ ಆಲಿಯೋ ಎ ಒಲಿಯೋ ಇದರ ಮೂಲ. ಅಲ್ಲಿ ಪಾಸ್ತಾವನ್ನು ಊಟದ ಶುರುವಿನಲ್ಲಿ ಅದೊಂದನ್ನೇ ಬಡಿಸುತ್ತಾರೆ, ನಮ್ಮನೆಯಲ್ಲಿ ಅದು ತಟ್ಟೆಯ ಪಕ್ಕಕ್ಕೆ ಬಂದಿದೆ.

ಪ್ಯಾಕೆಟ್ ಕೊಳ್ಳುವಾಗ ಹಿಂದೆ ತಿರುಗಿಸಿ ಓದಿ. ಡ್ಯೂರಮ್ ಗೋಧಿ ರವೆ ಅಂತ ಇರಬೇಕು. ಇಟಲಿಯಲ್ಲಿ ಒಣ ಪಾಸ್ತಾವನ್ನು ಇದರಿಂದಲೇ ಮಾಡಬೇಕು ಅಂತ 1967ರಲ್ಲೇ ಕಾನೂನು ತಂದಿದ್ದಾರೆ. ಗಟ್ಟಿ ಗೋಧಿಯಾದ್ದರಿಂದ ಬೆಂದರೂ ಕಚ್ಚುವಾಗ ಬಿಗಿ ಇರುತ್ತದೆ. ಮೈದಾದ್ದು ಬೇಗ ಮುದ್ದೆಯಾಗುತ್ತದೆ.

ನಾಲ್ಕು ಜನಕ್ಕೆ ನಂಚಿಕೊಳ್ಳಲು 200 ಗ್ರಾಂ ಸಾಕು. 2 ಲೀಟರ್ ನೀರು ಚೆನ್ನಾಗಿ ಕುದಿಸಿ 3 ಟೀ ಚಮಚ ಉಪ್ಪು ಹಾಕಿ. ಜಾಸ್ತಿ ಅನ್ನಿಸಬಹುದು, ಆದರೆ ಬಹುಪಾಲು ಬಸಿದ ನೀರಿನಲ್ಲೇ ಹೋಗುತ್ತದೆ. ಪ್ಯಾಕೆಟ್ ಮೇಲೆ ಬರೆದಿರುವ ಹೊತ್ತಿಗಿಂತ 2 ನಿಮಿಷ ಮುಂಚೆ ಬಸಿಯಿರಿ. ಬಸಿಯುವ ಮೊದಲು ಒಂದು ಲೋಟ ನೀರು ತೆಗೆದಿಡಿ. ಈ ಅಡುಗೆಯ ಜೀವವೇ ಆ ಗಂಜಿನೀರು. ಪಾಸ್ತಾವನ್ನು ತಣ್ಣೀರಿನಲ್ಲಿ ತೊಳೆಯಬೇಡಿ, ಮೇಲಿನ ಪಿಷ್ಟ ಹೋದರೆ ಎಣ್ಣೆ ಹತ್ತುವುದಿಲ್ಲ.

ಹತ್ತು ಹನ್ನೆರಡು ಎಸಳು ಬೆಳ್ಳುಳ್ಳಿಯನ್ನು ಕುಟ್ಟಾಣಿಯಲ್ಲಿ ಜಜ್ಜಿ. ನುಣ್ಣಗೆ ಮಾಡಿದರೆ ಬೇಗ ಸೀಯುತ್ತದೆ. ಅಗಲ ಬಾಣಲೆಗೆ 4 ದೊಡ್ಡ ಚಮಚ ಆಲಿವ್ ಎಣ್ಣೆ ಸುರಿದು, ಎಣ್ಣೆ ತಣ್ಣಗಿರುವಾಗಲೇ ಬೆಳ್ಳುಳ್ಳಿ ಹಾಕಿ ಸಣ್ಣ ಉರಿಯಲ್ಲಿಡಿ. ಕಡಲೆಕಾಯಿ ಎಣ್ಣೆಯೂ ಚೆನ್ನಾಗಿರುತ್ತದೆ, ಕೊಬ್ಬರಿ ಎಣ್ಣೆ ನನಗೆ ಹೊಂದಲಿಲ್ಲ. ಬೆಳ್ಳುಳ್ಳಿ ತಿಳಿ ಹೊಂಬಣ್ಣಕ್ಕೆ ತಿರುಗುತ್ತಿದ್ದಂತೆ ಬಾಣಲೆ ಇಳಿಸಿ. ಕಂದು ಬಣ್ಣಕ್ಕೆ ಹೋದರೆ ಕಹಿ ಬಂತು ಅಂತಲೇ ಲೆಕ್ಕ. ಆ ಬಿಸಿಗೇ ಮುರಿದ ಎರಡು ಬ್ಯಾಡಗಿ ಮೆಣಸಿನಕಾಯಿ ಹಾಕಿ. ಖಾರ ಕಡಿಮೆ, ಎಣ್ಣೆಗೆಲ್ಲ ಕೆಂಪು ಬಣ್ಣ.

ಮತ್ತೆ ಒಲೆಯ ಮೇಲಿಟ್ಟು ಅರ್ಧ ಲೋಟ ಗಂಜಿನೀರು ಸುರಿದು ಉರಿ ಜೋರು ಮಾಡಿ. ಎಣ್ಣೆ, ನೀರು ಬೆರೆತು ಮಂದವಾಗುತ್ತಿದ್ದಂತೆ ಪಾಸ್ತಾ ಹಾಕಿ ಎರಡು ನಿಮಿಷ ಕೈಯಾಡಿಸಿ. ಒಣಗಿತು ಅನ್ನಿಸಿದರೆ ಇನ್ನಷ್ಟು ಗಂಜಿನೀರು. ಇಳಿಸಿದ ಮೇಲೆ ಅರ್ಧ ಹೋಳು ನಿಂಬೆರಸ, ಕೊತ್ತಂಬರಿ ಸೊಪ್ಪು. ಮಕ್ಕಳಿಗೆ ಮೇಲೊಂದಿಷ್ಟು ಚೀಸ್ ತುರಿದು ಕೊಡಿ.

ಉಳಿದರೆ ಫ್ರಿಜ್‌ನಲ್ಲಿಡಿ. ಮರುದಿನ ಬಾಣಲೆಯಲ್ಲಿ ಎರಡು ಚಮಚ ನೀರು ಚಿಮುಕಿಸಿ, ಮುಚ್ಚಿ ಬಿಸಿ ಮಾಡಿದರೆ ಮತ್ತೆ ಮೆತ್ತಗಾಗುತ್ತದೆ.