‘ಇತಿಹಾಸದಲ್ಲಿ ಈ ದಿನ’: ನವೆಂಬರ್ 1ರ ಫಲಕ ಸಿದ್ಧಪಡಿಸುವುದು ಹೇಗೆ?

ಶಾಲೆಯ ಸೂಚನಾ ಫಲಕ, ಗ್ರಂಥಾಲಯದ ಗೋಡೆ, ಕನ್ನಡ ಸಂಘದ ವಾಟ್ಸ್‌ಆ್ಯಪ್ ಗುಂಪು: ‘ಇತಿಹಾಸದಲ್ಲಿ ಈ ದಿನ’ ಎಲ್ಲ ಕಡೆಯೂ ಸಿಗುತ್ತದೆ, ಓದುವವರು ಮಾತ್ರ ಕಡಿಮೆ. ಇಸವಿ, ಎರಡು ಚುಕ್ಕಿ, ಅರ್ಧ ವಾಕ್ಯ. ಹೀಗೆ ಹತ್ತು ಸಾಲು ಜೋಡಿಸಿಟ್ಟರೆ ಯಾರಿಗೆ ತಾನೇ ಓದಬೇಕೆನಿಸೀತು? ಒಂದೇ ತಾರೀಖಿಗೆ ಬಿದ್ದ ಘಟನೆಗಳಲ್ಲಿ ಯಾವುದು ಕಾಕತಾಳೀಯ, ಯಾವುದನ್ನು ಬೇಕೆಂದೇ ಆ ದಿನಕ್ಕೆ ಇಟ್ಟರು, ಯಾವುದರಲ್ಲಿ ಆ ದಿನದ್ದೇ ಕೈವಾಡವಿತ್ತು ಎಂದು ಬಿಡಿಸಿ ತೋರಿಸಿದರೆ ಫಲಕದ ಮುಂದೆ ಜನ ನಿಲ್ಲುತ್ತಾರೆ. ರಾಜ್ಯೋತ್ಸವದ ದಿನವನ್ನೇ ಇಟ್ಟುಕೊಂಡು ಇದನ್ನು ಮಾಡಿ ನೋಡೋಣ.

ಹಂತ 1: ಒಂದು ಘಟನೆಗೆ ಒಂದು ಚೀಟಿ

ನೋಟ್‌ಬುಕ್ಕಿನಲ್ಲಿ ಸಾಲಾಗಿ ಬರೆಯಬೇಡಿ, ಆಮೇಲೆ ಹಿಂದೆಮುಂದೆ ಮಾಡಲು ಬರುವುದಿಲ್ಲ. ಹಳೆಯ ಲಗ್ನಪತ್ರಿಕೆಗಳ ಹಿಂಬದಿ ಸಾಕು. ಪ್ರತಿ ಚೀಟಿಯಲ್ಲೂ ಇಸವಿ, ಊರು, ಏನಾಯಿತು, ಎಲ್ಲಿ ಓದಿದಿರಿ ಎಂಬ ನಾಲ್ಕು ಸಂಗತಿ ಇರಲಿ. ನವೆಂಬರ್ 1ಕ್ಕೆ ಸುಲಭವಾಗಿ ಸಿಗುವ ಇಸವಿಗಳು ಇವು: 1512 (ರೋಮ್‌ನ ಸಿಸ್ಟೀನ್ ಚಾಪೆಲ್‌ನ ಚಾವಣಿ ಚಿತ್ರಗಳು ಜನರ ಕಣ್ಣಿಗೆ ಬಿದ್ದದ್ದು), 1755 (ಪೋರ್ಚುಗಲ್‌ನ ಲಿಸ್ಬನ್ ಭೂಕಂಪ), 1858 (ವಿಕ್ಟೋರಿಯಾ ರಾಣಿಯ ಘೋಷಣೆಯನ್ನು ಅಲಹಾಬಾದಿನಲ್ಲಿ ವೈಸರಾಯ್ ಕ್ಯಾನಿಂಗ್ ಓದಿದ್ದು), 1952 (ಅಮೆರಿಕದ ಮೊದಲ ಹೈಡ್ರೋಜನ್ ಬಾಂಬ್ ಸ್ಫೋಟ), 1954, 1956, 1966, 1973, 2000, 2014. ಕೊನೆಯ ಆರರ ಬಗ್ಗೆ ಮುಂದೆ ಹೇಳುತ್ತೇನೆ.

ಹಂತ 2: ಕ್ರಿಯಾಪದವನ್ನು ತೂಗಿ ನೋಡಿ

‘1956: ಕರ್ನಾಟಕ ರಾಜ್ಯ ಉದಯ’ ಎಂದು ಬರೆದ ಫಲಕಗಳನ್ನು ಎಷ್ಟೋ ಕಡೆ ಕಾಣುತ್ತೇವೆ. ಆ ದಿನ ಉದಯಿಸಿದ ರಾಜ್ಯದ ಹೆಸರು ಮೈಸೂರು. ಕರ್ನಾಟಕ ಎಂಬ ಹೆಸರು ಬಂದದ್ದು 17 ವರ್ಷದ ನಂತರ, 1973ರ ನವೆಂಬರ್ 1ರಂದು, ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ. ಎರಡನ್ನೂ ಒಂದೇ ಸಾಲಿಗೆ ತುರುಕಿದರೆ ಒಂದು ಇತಿಹಾಸ ಕಳೆದುಹೋಗುತ್ತದೆ.

ದೊಡ್ಡ ಘಟನೆಗಳಿಗೆ ಒಂದಕ್ಕಿಂತ ಹೆಚ್ಚು ತಾರೀಖು ಇರುವುದೇ ಸಹಜ. ರಾಜ್ಯಗಳ ಮರುವಿಂಗಡಣೆಗೆಂದು ನೇಮಿಸಿದ್ದ ಫಜಲ್ ಅಲಿ ಆಯೋಗ ವರದಿ ಕೊಟ್ಟದ್ದು 1955ರ ಸೆಪ್ಟೆಂಬರ್ 30. ರಾಜ್ಯ ಪುನರ್ವಿಂಗಡಣಾ ಕಾಯ್ದೆಯ ತಾರೀಖು 1956ರ ಆಗಸ್ಟ್ 31. ಅದು ಜಾರಿಗೆ ಬಂದದ್ದು ನವೆಂಬರ್ 1. ಸಂವಿಧಾನದ್ದೂ ಇದೇ ಕಥೆ: ಅಂಗೀಕಾರ 1949ರ ನವೆಂಬರ್ 26, ಜಾರಿ 1950ರ ಜನವರಿ 26. ಹಾಗಾಗಿ ‘ಆಯಿತು’ ಎಂದು ತೇಲಿಸದೆ, ಅಂಗೀಕಾರವೋ, ಸಹಿಯೋ, ಜಾರಿಯೋ, ಉದ್ಘಾಟನೆಯೋ ಎಂದು ಬಿಡಿಸಿ ಬರೆಯಿರಿ. ಒಂದೇ ಪದ ಹೆಚ್ಚಾಗುತ್ತದೆ, ಅಷ್ಟೆ.

ಹಂತ 3: ಯಾವ ಪಂಚಾಂಗ, ಯಾವ ಗಡಿಯಾರ?

ಇಲ್ಲಿ ಎಡವುವವರೇ ಹೆಚ್ಚು. ನಾವು ಬಳಸುವ ಗ್ರೆಗೋರಿಯನ್ ಕ್ಯಾಲೆಂಡರ್ ಶುರುವಾದದ್ದು 1582ರಲ್ಲಿ. ಅದಕ್ಕೂ ಹಿಂದಿನ ಯುರೋಪಿನ ತಾರೀಖುಗಳು ಜೂಲಿಯನ್ ಎಂಬ ಹಳೆಯ ಕ್ಯಾಲೆಂಡರಿನ ಲೆಕ್ಕದವು. ನಮ್ಮ ಪಟ್ಟಿಯ 1512ರದ್ದೂ ಹಾಗೆಯೇ, ಪುಸ್ತಕಗಳು ಕೊಡುವ 1565ರ ತಾಳಿಕೋಟೆ ಯುದ್ಧದ ತಾರೀಖೂ ಹಾಗೆಯೇ. ಬ್ರಿಟನ್ ಬದಲಾದದ್ದು 1752ರಲ್ಲಿ, ರಷ್ಯಾ 1918ರಲ್ಲಿ. ಅಕ್ಟೋಬರ್ ಕ್ರಾಂತಿಯ ಹುಟ್ಟುಹಬ್ಬ ನವೆಂಬರ್ 7ಕ್ಕೆ ಬರುವುದು ಇದೇ ಕಾರಣಕ್ಕೆ. ಲಿಸ್ಬನ್ ವಿಷಯದಲ್ಲಿ ಈ ತಲೆನೋವಿಲ್ಲ: ಪೋರ್ಚುಗಲ್ 1582ರಲ್ಲೇ ಹೊಸ ಲೆಕ್ಕಕ್ಕೆ ಬಂದಿತ್ತು.

ಪರೀಕ್ಷೆಗೆ ಒಳ್ಳೆಯ ಸಾಧನ ವಾರ. ನಮ್ಮ ಶಾಸನಗಳು ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿಯ ಜೊತೆಗೆ ಎಷ್ಟೋ ಸಲ ವಾರವನ್ನೂ ಹೇಳುತ್ತವೆ. ವಿದ್ವಾಂಸರು ಕಾಲ ನಿರ್ಣಯ ಮಾಡುವಾಗ ತಿಥಿಗೂ ವಾರಕ್ಕೂ ಹೊಂದುತ್ತದೆಯೇ ಎಂದು ತಾಳೆ ನೋಡುತ್ತಾರೆ. ನೀವೂ ಹಾಗೆ ಮಾಡಿ. ಲಿಸ್ಬನ್ನಿನ ಆ ದಿನ ಶನಿವಾರ. 1956ರದ್ದೂ 1973ರದ್ದೂ ಗುರುವಾರ. ಓದಿದ ಕಡೆ ಬೇರೆ ವಾರವಿದ್ದರೆ ಆ ಚೀಟಿಯನ್ನು ಪಕ್ಕಕ್ಕಿಡಿ. ತಿಥಿಯ ಪ್ರಕಾರ ಆಚರಿಸುವ ಬಸವ ಜಯಂತಿ, ಕನಕ ಜಯಂತಿಗಳನ್ನಂತೂ ಈ ಪಟ್ಟಿಗೆ ಬೆರೆಸಲೇಬೇಡಿ, ಅವು ಪ್ರತಿವರ್ಷ ಜಾಗ ಬದಲಿಸುತ್ತವೆ.

ಇನ್ನು ಗಡಿಯಾರ. ಪೆಸಿಫಿಕ್ ಸಾಗರದ ಎನೆವೆಟಾಕ್‌ನಲ್ಲಿ ಹೈಡ್ರೋಜನ್ ಬಾಂಬ್ ಸಿಡಿದಾಗ ಅಲ್ಲಿ ನವೆಂಬರ್ 1ರ ಬೆಳಗಿನ 7.15. ಲಂಡನ್ನಿನಲ್ಲಿ ಇನ್ನೂ ಅಕ್ಟೋಬರ್ 31ರ ಸಂಜೆ. ಭಾರತದಲ್ಲಿ ನಡುರಾತ್ರಿ ದಾಟಿ ಮುಕ್ಕಾಲು ಗಂಟೆ. ಘಟನೆ ನಡೆದ ಊರಿನ ತಾರೀಖನ್ನೇ ಹಾಕುವುದು ರೂಢಿ. ಎಲುಗೆಲಾಬ್ ಎಂಬ ಪುಟ್ಟ ದ್ವೀಪ ಆ ಸ್ಫೋಟದಲ್ಲಿ ಪೂರ್ತಿ ಅಳಿಸಿಹೋಯಿತು ಎಂಬ ಸಾಲನ್ನು ಮಾತ್ರ ಬಿಡಬೇಡಿ.

ಹಂತ 4: ಚೀಟಿಗಳನ್ನು ಮೂರು ಗುಂಪು ಮಾಡಿ

ಇದೇ ಮುಖ್ಯ ಕೆಲಸ, ಸಮಯ ಕೊಡಬೇಕಾದದ್ದೂ ಇದಕ್ಕೇ.

ಮೊದಲ ಗುಂಪು, ಬೇಕೆಂದೇ ಆರಿಸಿದ ದಿನ. 1973ರಲ್ಲಿ ಹೆಸರು ಬದಲಾಯಿಸಲು ನವೆಂಬರ್ 1ನ್ನೇ ಹಿಡಿದದ್ದು ಏಕೆಂದು ಯಾರಿಗೂ ವಿವರಿಸಬೇಕಿಲ್ಲ. ಬೆಂಗಳೂರು, ಮೈಸೂರು, ಬೆಳಗಾವಿ ಸೇರಿ 12 ಊರುಗಳ ಹೆಸರು ಇಂಗ್ಲಿಷಿನಲ್ಲೂ ಕನ್ನಡದ ಉಚ್ಚಾರಕ್ಕೆ ಹತ್ತಿರವಾದದ್ದು 2014ರ ಇದೇ ದಿನ. ಹೆಚ್ಚು ಜನ ಗಮನಿಸದ ಚೀಟಿ ಲಕ್ಷದ್ವೀಪದ್ದು. 1956ರ ನವೆಂಬರ್ 1ರವರೆಗೆ ಅಮಿನದಿವಿ ದ್ವೀಪಗಳು ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಆ ದಿನ ಅವು ಹೊಸ ಕೇಂದ್ರಾಡಳಿತ ಪ್ರದೇಶಕ್ಕೆ ಹೋದವು. ಆ ಪ್ರದೇಶಕ್ಕೆ ಲಕ್ಷದ್ವೀಪ ಎಂಬ ಹೆಸರು ಬಂದದ್ದು 1973ರ ನವೆಂಬರ್ 1, ಕರ್ನಾಟಕಕ್ಕೆ ಹೆಸರು ಬಂದ ದಿನವೇ. 1966ರಲ್ಲಿ ಪಂಜಾಬಿನಿಂದ ಹರಿಯಾಣ ಬೇರೆಯಾದದ್ದು, 2000ದಲ್ಲಿ ಮಧ್ಯಪ್ರದೇಶದಿಂದ ಛತ್ತೀಸಗಢ ಬೇರೆಯಾದದ್ದು ಕೂಡ ಈ ದಿನವೇ. ಇವನ್ನು ಆರಿಸಿದ ದಿನ ಎನ್ನುವ ಮೊದಲು ಸ್ವಲ್ಪ ತಡೆಯಿರಿ: ಆಡಳಿತಕ್ಕೆ ತಿಂಗಳ ಮೊದಲ ದಿನ ಹೇಗೂ ಅನುಕೂಲ. ಆಂಧ್ರ ರಾಜ್ಯ ಹುಟ್ಟಿದ್ದೂ 1953ರ ಅಕ್ಟೋಬರ್ 1ರಂದು.

ಎರಡನೆಯದು, ದಿನವೇ ಘಟನೆಯನ್ನು ಬದಲಿಸಿದ್ದು. ನವೆಂಬರ್ 1 ಕ್ಯಾಥೊಲಿಕರಿಗೆ ಸಕಲ ಸಂತರ ಹಬ್ಬ. 1755ರ ಆ ಬೆಳಿಗ್ಗೆ ಒಂಬತ್ತೂವರೆ ದಾಟಿದ ಹೊತ್ತಿಗೆ ಲಿಸ್ಬನ್ನಿನ ಚರ್ಚುಗಳು ಜನರಿಂದ ತುಂಬಿದ್ದವು, ಬಲಿಪೀಠಗಳ ಮೇಲೆ ಮೇಣದಬತ್ತಿ ಉರಿಯುತ್ತಿದ್ದವು. ನೆಲ ನಡುಗಿದಾಗ ಕಲ್ಲಿನ ಚಾವಣಿಗಳು ಭಕ್ತರ ಮೇಲೆಯೇ ಕುಸಿದವು. ಉರುಳಿದ ಬತ್ತಿಗಳ ಬೆಂಕಿಗೆ ಒಲೆಗಳ ಬೆಂಕಿಯೂ ಸೇರಿ ಊರು ದಿನಗಟ್ಟಲೆ ಉರಿಯಿತು. ತೆರೆದ ಜಾಗವೆಂದು ತೇಜೊ ನದಿಯ ದಂಡೆಗೆ ಓಡಿದವರ ಮೇಲೆ, ಹಿಂದೆ ಸರಿದಿದ್ದ ನೀರು ದೈತ್ಯ ಅಲೆಯಾಗಿ ಮರಳಿ ಬಂತು. ಬೇರೆ ಯಾವುದೋ ದಿನವಾಗಿದ್ದರೆ ಸಾವಿನ ಲೆಕ್ಕವೇ ಬೇರೆಯಾಗುತ್ತಿತ್ತು.

ಮೂರನೆಯದು ಶುದ್ಧ ಕಾಕತಾಳೀಯ. ಅದನ್ನು ಕಡೆಗಣಿಸಬೇಡಿ. 1954ರ ನವೆಂಬರ್ 1ರಂದು ಫ್ರಾನ್ಸ್ ಪುದುಚೇರಿಯ ಆಡಳಿತವನ್ನು ಭಾರತಕ್ಕೆ ಒಪ್ಪಿಸಿತು. ಅದಕ್ಕೆ ಎರಡು ವಾರ ಮುಂಚೆ ಕೀಳೂರಿನಲ್ಲಿ ಸೇರಿದ್ದ 178 ಪ್ರತಿನಿಧಿಗಳಲ್ಲಿ 170 ಮಂದಿ ವಿಲೀನಕ್ಕೆ ಮತ ಹಾಕಿದ್ದರು. ಗುಂಡು ಹಾರಲಿಲ್ಲ. ಅದೇ ದಿನ, ಅದೇ ಫ್ರಾನ್ಸಿನ ಕೈಯಲ್ಲಿದ್ದ ಅಲ್ಜೀರಿಯಾದಲ್ಲಿ ಸಶಸ್ತ್ರ ದಂಗೆ ಎದ್ದಿತು, ಯುದ್ಧ ಎಂಟು ವರ್ಷ ಎಳೆಯಿತು. ಅಲ್ಜೀರಿಯಾ ಸ್ವತಂತ್ರವಾದದ್ದು 1962ರ ಜುಲೈನಲ್ಲಿ. ಪುದುಚೇರಿ ಕಾನೂನಿನ ಪ್ರಕಾರ ಭಾರತದ್ದಾದದ್ದು ಅದೇ 1962ರ ಆಗಸ್ಟ್ 16ಕ್ಕೆ. ಈ ಎರಡು ಚೀಟಿಗಳನ್ನು ಅಕ್ಕಪಕ್ಕ ಅಂಟಿಸಿ, ನಡುವೆ ಏನೂ ಬರೆಯಬೇಡಿ.

ಹಂತ 5: ಓದುಗರ ಊರನ್ನು ಹುಡುಕಿ

1956ರ ಸಾಲು ಊರಿಂದೂರಿಗೆ ಬೇರೆಯಾಗಬೇಕು. ಧಾರವಾಡದ ಫಲಕದಲ್ಲಿ ‘ಮುಂಬಯಿ ರಾಜ್ಯದಿಂದ ಬಂದೆವು’ ಎಂದಿರಲಿ. ರಾಯಚೂರಿನದರಲ್ಲಿ ಹೈದರಾಬಾದ್, ಕೊಳ್ಳೇಗಾಲದಲ್ಲಿ ಮದರಾಸು. ಕೊಡಗು ಅಲ್ಲಿಯವರೆಗೆ ತಾನೇ ಒಂದು ರಾಜ್ಯವಾಗಿತ್ತು. ಬಳ್ಳಾರಿಯವರು ಮೂರು ವರ್ಷ ಮುಂಚೆಯೇ, ಆಂಧ್ರ ರಾಜ್ಯ ಆದ ದಿನ, ಮೈಸೂರಿಗೆ ಬಂದಿದ್ದರು. ಕಾಸರಗೋಡಿನ ಕನ್ನಡ ಶಾಲೆಯಲ್ಲಿ ಇದೇ ತಾರೀಖಿಗೆ ಕೇರಳ ಹುಟ್ಟಿದ ದಿನದ ಆಚರಣೆ ಇರುತ್ತದೆ. ಅಲ್ಲಿನ ಫಲಕದಲ್ಲಿ ‘ಹರಿದು ಹಂಚಿದ್ದ ಕನ್ನಡಿಗರೆಲ್ಲ ಒಂದಾದ ದಿನ’ ಎಂದು ಬರೆಯಲು ಬರುವುದಿಲ್ಲ, ಬರೆಯಲೂಬಾರದು.

ಹಂತ 6: ಐದಕ್ಕೆ ನಿಲ್ಲಿಸಿ

ಐದೇ ಘಟನೆ, ಒಂದೊಂದಕ್ಕೆ ಎರಡು ಮೂರು ವಾಕ್ಯ. ಸಿಸ್ಟೀನ್ ಚಾವಣಿಯನ್ನು ನಾನಾದರೆ ಬಿಡುತ್ತೇನೆ, ಚಿತ್ರವಿಲ್ಲದೆ ಆ ಸಾಲಿಗೆ ರುಚಿಯಿಲ್ಲ. ಹುಟ್ಟುಹಬ್ಬ ಒಂದಿರಲಿ, ಕೆಳಗಡೆ ಇರಲಿ: ಐಶ್ವರ್ಯಾ ರೈ ಮಂಗಳೂರಿನಲ್ಲಿ ಹುಟ್ಟಿದ್ದು 1973ರ ನವೆಂಬರ್ 1, ಅಂದರೆ ರಾಜ್ಯಕ್ಕೆ ಹೊಸ ಹೆಸರು ಬಂದ ದಿನವೇ. ಮಕ್ಕಳು ಮೊದಲು ಓದುವುದು ಇದನ್ನೇ. ಮೇಲಿಟ್ಟರೆ ಉಳಿದದ್ದು ಓದದೆ ಹೋಗುತ್ತಾರೆ.

ಬಳಸದೆ ಉಳಿದ ಚೀಟಿಗಳನ್ನು ಎಸೆಯಬೇಡಿ. ಹುಡುಕುವಾಗ ಬೇರೆ ದಿನಗಳದ್ದೂ ಕೈಗೆ ಸಿಕ್ಕಿರುತ್ತವೆ: ನವೆಂಬರ್ 7ಕ್ಕೆ ರಷ್ಯಾ, 9ಕ್ಕೆ ಉತ್ತರಾಖಂಡ, 15ಕ್ಕೆ ಬಿರ್ಸಾ ಮುಂಡಾ ಜಯಂತಿಯಂದೇ ಹುಟ್ಟಿದ ಝಾರ್ಖಂಡ್, 26ಕ್ಕೆ ಸಂವಿಧಾನ. ತಿಂಗಳ ನಾಲ್ಕು ಫಲಕಗಳಿಗೆ ಮೊದಲ ಸಾಲು ಆಗಲೇ ಸಿದ್ಧ.