ಉಯುನಿಯ ಉಪ್ಪಿನ ಬಯಲಿಗೆ ಹೊರಡುವ ಮುನ್ನ

ನನ್ನ ತವರು ಗೋಕರ್ಣದ ಪಕ್ಕದ ಸಾಣಿಕಟ್ಟಾ. ಅಪ್ಪ ಅಲ್ಲಿನ ಉಪ್ಪಿನ ಆಗರದಲ್ಲಿ ಲೆಕ್ಕ ಬರೆಯುತ್ತಿದ್ದರು. ಉಬ್ಬರದ ನೀರು ಗದ್ದೆಗೆ ಹರಿದು, ಬಿಸಿಲಿಗೆ ಬತ್ತಿ ಉಪ್ಪಾಗುವುದನ್ನು ನೋಡುತ್ತಲೇ ಬೆಳೆದೆ. ದಕ್ಷಿಣ ಅಮೆರಿಕದ, ಕಡಲೇ ಇಲ್ಲದ ಬೊಲಿವಿಯಾ ದೇಶದಲ್ಲಿ, 3,656 ಮೀಟರ್ ಎತ್ತರದಲ್ಲಿ, ಹತ್ತು ಸಾವಿರ ಚದರ ಕಿಲೋಮೀಟರಿಗೂ ಹೆಚ್ಚು ಹರಡಿಕೊಂಡ ಉಪ್ಪಿನ ಬಯಲಿದೆ ಎಂದು ತಿಳಿದಾಗ, ಸಾಯುವುದರೊಳಗೆ ಒಮ್ಮೆ ಅದರ ಮೇಲೆ ನಿಲ್ಲಬೇಕು ಎನ್ನಿಸಿತು. ನನಗೆ 59 ತುಂಬಿದ ವರ್ಷ ಮಗಳೊಂದಿಗೆ ಹೋಗಿ ಬಂದೆ. ನಮ್ಮ ವಯಸ್ಸಿನವರೂ ಧೈರ್ಯವಾಗಿ ಹೋಗಬಹುದು. ಆದರೆ ಟಿಕೆಟ್ಟಿಗಿಂತ ಮೊದಲು ಎತ್ತರದ ಲೆಕ್ಕ ಹಾಕಬೇಕು.

ಬಹಳ ಜನ ವಿಮಾನದಲ್ಲಿ ನೇರವಾಗಿ ಲಾ ಪಾಸ್‌ಗೆ ಇಳಿಯುತ್ತಾರೆ. ಅಲ್ಲಿನ ವಿಮಾನ ನಿಲ್ದಾಣವೇ ನಾಲ್ಕು ಸಾವಿರ ಮೀಟರ್ ಮೇಲಿದೆ. ಕರಾವಳಿಯಲ್ಲಿ ಹುಟ್ಟಿದ ದೇಹವನ್ನು, ಉಸಿರಿಗೆ ಆಮ್ಲಜನಕ ಕಡಿಮೆ ಸಿಗುವ ಆ ಎತ್ತರಕ್ಕೆ ಒಂದೇ ದಿನದಲ್ಲಿ ಏರಿಸಬೇಡಿ. ನಾವು ಮೊದಲು ಸಾಂತಾ ಕ್ರೂಸ್‌ನಲ್ಲಿ ಇಳಿದೆವು. ಅದರ ಎತ್ತರ ಸುಮಾರು 400 ಮೀಟರ್ ಮಾತ್ರ. ಅಲ್ಲಿಂದ 2,800 ಮೀಟರ್ ಎತ್ತರದ ಸುಕ್ರೆ ನಗರಕ್ಕೆ ಹೋಗಿ ನಾಲ್ಕು ರಾತ್ರಿ ಉಳಿದೆವು. ಮೊದಲ ಎರಡು ದಿನ ಮೆಟ್ಟಿಲು ಹತ್ತುವಾಗ ಏದುಸಿರು, ರಾತ್ರಿ ತಲೆಭಾರ. ಮೂರನೆಯ ದಿನ ಹಸಿವು ಮರಳಿತು. ಹಸಿವು ಮರಳುವ ತನಕ ಮುಂದಿನ ಬಸ್ ಹತ್ತುವುದಿಲ್ಲ ಎಂದು ನಾವೇ ನಿಯಮ ಮಾಡಿಕೊಂಡಿದ್ದೆವು. ಸುಕ್ರೆಯಿಂದ ಉಯುನಿಗೆ ಹೋಗುವ ದಾರಿಯಲ್ಲಿ ಪೊಟೊಸಿ ಸಿಗುತ್ತದೆ. ಬೆಳ್ಳಿ ಗಣಿಯ ಆ ಹಳೆಯ ಊರು ನೋಡುವಂಥದ್ದೇ. ಆದರೆ ಅದು ಉಯುನಿಗಿಂತ ಎತ್ತರದಲ್ಲಿರುವುದರಿಂದ ನಾವು ಅಲ್ಲಿ ರಾತ್ರಿ ತಂಗಲಿಲ್ಲ.

ಉಯುನಿಯ ಸುತ್ತಲಿನ ನೆಲವೂ ಎತ್ತರದ್ದೇ. ನಮ್ಮಲ್ಲಿ ಘಟ್ಟ ಇಳಿದ ಹಾಗೆ ಒಂದೆರಡು ಗಂಟೆಯಲ್ಲಿ ಇಳಿದುಬಿಡುವ ಜಾಗ ಅಲ್ಲಿಲ್ಲ. ಮೂರು ದಿನದ ಪ್ರವಾಸದಲ್ಲಿ ಉಪ್ಪಿನ ಬಯಲು ದಾಟಿ ದಕ್ಷಿಣಕ್ಕೆ ಹೋಗುತ್ತಾರೆ. ಕೆಂಪು ನೀರಿನ ಲಗುನಾ ಕೊಲೊರಾದಾ 4,200 ಮೀಟರಿಗೂ ಮೇಲಿದೆ, ಬಿಸಿನೀರು ಚಿಮ್ಮುವ ಜಾಗ 4,800ರ ಆಚೆ. ಅದೆಲ್ಲ ಮುಗಿದ ಮೇಲೆ ಚಿಲಿಯ ಗಡಿ ದಾಟಿದರೆ ಮಾತ್ರ 2,400 ಮೀಟರಿನ ಸಾನ್ ಪೆದ್ರೊ ಸಿಗುತ್ತದೆ. ಆದ್ದರಿಂದ ನಾವು ಎರಡು ದಿನದ ಪ್ರವಾಸವನ್ನೇ ಆರಿಸಿಕೊಂಡು, ತುನುಪಾ ಜ್ವಾಲಾಮುಖಿಯ ಬುಡದ ಕೊಕೆಸಾ ಹಳ್ಳಿಯಲ್ಲಿ ಮಲಗಿದೆವು. ಐವತ್ತು ದಾಟಿದವರಿಗೆ ನನ್ನ ಸಲಹೆಯೂ ಇದೇ. ಎತ್ತರದಿಂದ ಬರುವ ಕಾಯಿಲೆಗೆ ಕೊಡುವ ಅಸೆಟಜೋಲಮೈಡ್ ಮಾತ್ರೆಯನ್ನು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬೇಡಿ. ಸಲ್ಫಾ ಔಷಧಗಳ ಅಲರ್ಜಿ ಇದ್ದರೆ, ರಕ್ತದೊತ್ತಡಕ್ಕೆ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಿ. ಸುಮ್ಮನೆ ಕುಳಿತಾಗಲೂ ಉಸಿರು ಕಟ್ಟಿದರೆ, ನಡಿಗೆ ತೂರಾಡಿದರೆ, ಮಾತು ತೊದಲಿದರೆ ಬೆಳಗಾಗಲಿ ಎಂದು ಕಾಯದೆ ಕೆಳಗೆ ಹೊರಡಬೇಕು.

ಹಳದಿ ಜ್ವರದ ಲಸಿಕೆಯನ್ನು ಮರೆಯಬೇಡಿ. ಬೊಲಿವಿಯಾದಿಂದ ಬರುವವರ ಬಳಿ ಪ್ರಮಾಣಪತ್ರ ಇಲ್ಲದಿದ್ದರೆ ಭಾರತದಲ್ಲೇ ಪ್ರತ್ಯೇಕವಾಗಿ ಇರಿಸಬಹುದು. ಪ್ರಯಾಣಕ್ಕೆ ಕನಿಷ್ಠ ಹತ್ತು ದಿನ ಮುಂಚೆ, ಸರ್ಕಾರ ಮಾನ್ಯ ಮಾಡಿದ ಕೇಂದ್ರದಲ್ಲೇ ಹಾಕಿಸಿಕೊಳ್ಳಬೇಕು. ಅರವತ್ತು ದಾಟಿದವರು ಅದಕ್ಕೂ ಮೊದಲು ವೈದ್ಯರೊಂದಿಗೆ ಮಾತನಾಡಲೇಬೇಕು. ವೀಸಾ ನಿಯಮ ಬದಲಾಗುತ್ತಿರುತ್ತದೆ, ರಾಯಭಾರ ಕಚೇರಿಯನ್ನೇ ಕೇಳಿ. ವಿಮಾನ ಬದಲಿಸುವ ದೇಶದ ವೀಸಾ ಬೇಕೇ ಎಂಬುದನ್ನೂ ನೋಡಿಕೊಳ್ಳಿ.

ಯಾವ ತಿಂಗಳು? ನೆಲದ ಮೇಲೆ ಆಕಾಶ ಕಾಣುವ ಆ ಕನ್ನಡಿ ಬೇಕಿದ್ದರೆ ಜನವರಿಯಿಂದ ಮಾರ್ಚ್. ಆಗ ಉಪ್ಪಿನ ಮೇಲೆ ತೆಳುವಾಗಿ ಮಳೆನೀರು ನಿಂತಿರುತ್ತದೆ. ಆದರೆ ನೀರು ಹೆಚ್ಚಾದರೆ ಬಯಲಿನ ನಡುವಿನ ಇಂಕಾವಾಸಿ ದ್ವೀಪಕ್ಕೆ ವಾಹನ ಹೋಗುವುದಿಲ್ಲ. ಮೇ ತಿಂಗಳಿಂದ ನೆಲ ಒಣಗಿ, ಜೇನುಗೂಡಿನಂಥ ಗೆರೆಗಳು ಏಳುತ್ತವೆ. ಜೂನ್, ಜುಲೈ ರಾತ್ರಿಗಳ ಚಳಿ ಸೊನ್ನೆಗಿಂತ ಬಹಳ ಕೆಳಗೆ. ನಾವು ಏಪ್ರಿಲ್ ಮೊದಲ ವಾರ ಹೋದೆವು. ಬಯಲಿನ ಅಂಚಿನ ಕೊಲ್ಚಾನಿ ಹಳ್ಳಿಯ ಕಡೆ ಇನ್ನೂ ನೀರಿತ್ತು, ದ್ವೀಪದ ದಾರಿ ಒಣಗಿತ್ತು. ಇದು ಪ್ರತಿ ವರ್ಷ ಒದಗುವ ಭಾಗ್ಯವಲ್ಲ, ಆದರೂ ನಾನು ಆ ವಾರವನ್ನೇ ಹೇಳುತ್ತೇನೆ. ಕನ್ನಡಿ ನೋಡಲು ಬೆಳಗಿನ ಜಾವ ಹೋಗಿ, ಗಾಳಿ ಎದ್ದರೆ ಬಿಂಬ ಒಡೆಯುತ್ತದೆ. ಇಂಕಾವಾಸಿಯ ಕಳ್ಳಿಗಳು ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತವಂತೆ. ನನ್ನ ಆರು ಪಟ್ಟು ಎತ್ತರದ ಒಂದು ಕಳ್ಳಿಯ ಕೆಳಗೆ ನಿಂತು ಅದರ ವಯಸ್ಸನ್ನು ಲೆಕ್ಕ ಹಾಕುತ್ತಾ ಬಹಳ ಹೊತ್ತು ಕಳೆದೆ.

ವಾಹನವನ್ನು ಫೋಟೊ ನೋಡಿ ಗೊತ್ತು ಮಾಡಬೇಡಿ. ನಾವು ಮೊದಲು ಮುಂಗಡ ಕೊಟ್ಟ ಕಡೆ ಆಮ್ಲಜನಕದ ಸಿಲಿಂಡರ್ ಇದೆ ಎಂದಿದ್ದರು. ಹೊರಡುವ ಬೆಳಿಗ್ಗೆ ಮಗಳು ಅದರ ಮೀಟರ್ ನೋಡಿದರೆ ಮುಳ್ಳು ಸೊನ್ನೆಯಲ್ಲಿತ್ತು. ಮುಂಗಡ ಹೋದರೆ ಹೋಗಲಿ ಎಂದು ಬೇರೆ ವಾಹನ ಹಿಡಿದೆವು. ಸಿಲಿಂಡರ್, ಹೆಚ್ಚುವರಿ ಚಕ್ರ, ಹಿಂದಿನ ಸೀಟಿನ ಬೆಲ್ಟ್ ಮೂರನ್ನೂ ಕೈಯಿಂದ ಮುಟ್ಟಿ ನೋಡಿ. ತಡೆಯೇ ಇಲ್ಲದ ಬಯಲಲ್ಲಿ ಚಾಲಕರು ವೇಗ ಹೆಚ್ಚಿಸುತ್ತಾರೆ. 2008ರಲ್ಲಿ ಇದೇ ಬಯಲಿನಲ್ಲಿ ಎರಡು ಪ್ರವಾಸಿ ವಾಹನಗಳು ಮುಖಾಮುಖಿ ಡಿಕ್ಕಿಯಾಗಿ ಹದಿಮೂರು ಜನ ಸತ್ತರು. ‘ಮಾಸ್ ದೆಸ್ಪಾಸಿಯೊ, ಪೊರ್ ಫಾವೋರ್’ ಎಂದರೆ ‘ದಯವಿಟ್ಟು ಇನ್ನೂ ನಿಧಾನ’ ಎಂದು. ಸ್ಪ್ಯಾನಿಷ್‌ನಲ್ಲಿ ನಾನು ಹೆಚ್ಚು ಬಳಸಿದ ಮಾತು ಅದೇ.

ಸಸ್ಯಾಹಾರಿಗಳು ‘ಸಿನ್ ಕಾರ್ನೆ, ಸಿನ್ ಪೊಯೊ, ಸಿನ್ ಪೆಸ್ಕಾದೊ’ ಎಂದು ಮೂರನ್ನೂ ಹೇಳಬೇಕು. ಬರೀ ಮಾಂಸ ಬೇಡ ಎಂದರೆ ಕೋಳಿ ಬರುತ್ತದೆ. ಆಲೂಗಡ್ಡೆಯ ತವರು ಅದು, ಕಿನೊವಾ ಎಂಬ ಧಾನ್ಯ ಸುತ್ತಲೇ ಬೆಳೆಯುತ್ತದೆ, ಉಪವಾಸ ಬೀಳುವುದಿಲ್ಲ. ಆ ಎತ್ತರದಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುವುದರಿಂದ ಕುಕ್ಕರ್ ಇಲ್ಲದೆ ಬೇಳೆ ಬೇಯುವುದಿಲ್ಲ. ಅವಲಕ್ಕಿ ಮತ್ತು ಚಟ್ನಿಪುಡಿ ಒಯ್ಯಿರಿ, ಬಿಸಿನೀರು ಸಾಕು.

ಬಿಸಿಲು ಉಪ್ಪಿನಿಂದ ಮೇಲಕ್ಕೂ ಹೊಡೆಯುತ್ತದೆ. ನಾನು ಟೋಪಿ ಹಾಕಿಕೊಂಡಿದ್ದರೂ ಗದ್ದದ ಅಡಿ ಸುಟ್ಟಿತು. ಅಲ್ಲಿಗೂ ಮುಲಾಮು ಹಚ್ಚಿ; ಕಪ್ಪು ಕನ್ನಡಕ ತೆಗೆಯಲೇಬೇಡಿ.

ಕೊಲ್ಚಾನಿಯಲ್ಲಿ ಒಂದು ಗಂಟೆಯಾದರೂ ನಿಲ್ಲಿ. ಅಲ್ಲಿನವರು ಬಯಲಿನ ಉಪ್ಪನ್ನು ಕೆರೆದು, ನೀರು ಬಸಿಯಲೆಂದು ಸಣ್ಣ ಗುಡ್ಡೆಗಳಾಗಿ ಕಟ್ಟುತ್ತಾರೆ. ಆಮೇಲೆ ಹಳ್ಳಿಗೆ ತಂದು, ಒಣಗಿಸಿ, ಅಯೋಡಿನ್ ಸೇರಿಸಿ, ಪೊಟ್ಟಣ ಕಟ್ಟುತ್ತಾರೆ. ಆ ಗುಡ್ಡೆಗಳನ್ನು ಕಂಡಾಗ ಅಪ್ಪನ ಆಗರವೇ ಕಣ್ಣೆದುರು ಬಂದು ನಿಂತಿತು.

ಮರಳುವಾಗ ಚೀಲದ ಎಲ್ಲ ಜೇಬುಗಳನ್ನೂ ಕೊಡವಿ. ಅಲ್ಲಿ ಅಂಗಡಿಯಲ್ಲೇ ಸಿಗುವ, ಕೊಕೇನ್‌ಗೆ ಮೂಲವಾದ ಕೋಕಾ ಎಲೆ, ಅದರ ಚಹಾ ಪೊಟ್ಟಣ ಭಾರತದಲ್ಲಿ ಅಪರಾಧ. ಉಪ್ಪು ತರಬಹುದು. ನಾನು ತಂದ ಒಂದು ಪೊಟ್ಟಣವನ್ನು ಅಮ್ಮ ಬಿಚ್ಚಿ, ಚಿಟಿಕೆ ನಾಲಿಗೆಗೆ ಇಟ್ಟು, ಅರೆಗಳಿಗೆ ಕಣ್ಣು ಮುಚ್ಚಿ, “ನಮ್ಮ ಉಪ್ಪಿಗಿಂತ ಕಹಿ ಕಡಿಮೆ” ಎಂದಳು.